ಏಣಿಯ ಚಪ್ಪಲಿ

ವೆಂಕಟೇಶ ಕುಡಿದು ಬಿದ್ದ ಎನ್ನುತ್ತಾರೆ. ನಾನು ನಿವೃತ್ತನಾಗುವ ವಾರದವರೆಗೂ ನಮ್ಮ ಕಂಪನಿಯಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಈ ಕತೆ ಹೇಳುತ್ತಿದ್ದರು. ಹೇಳುವವರಲ್ಲಿ ಒಬ್ಬರೂ ವೆಂಕಟೇಶನನ್ನು ಕಂಡವರಲ್ಲ. "ಹಬ್ಬದ ಮಾರನೇ ದಿನ ಏರಿಸ್ಕೊಂಡು ಏಣಿ ಹತ್ತಿದ, ಸೊಂಟ ಮುರ್ಕೊಂಡ. ನೀವ್ ಹಂಗ್ ಮಾಡ್ಬೇಡಿ" ಎಂದು ಮುಗಿಸುತ್ತಿದ್ದರು. ಕೇಳಿದವರು ತಲೆಯಾಡಿಸುತ್ತಿದ್ದರು. ಕುಡಿಯದವರು ತಮಗೇನೂ ಆಗುವುದಿಲ್ಲ ಎಂದುಕೊಂಡು ಏಣಿ ಎತ್ತಿಕೊಂಡು ಹೋಗುತ್ತಿದ್ದರು. ಈ ಕತೆ ಮಾಡುವ ಮೊದಲ ಅನಾಹುತ ಅದು.

ಕತೆಗೆ ನನ್ನ ಆಕ್ಷೇಪಣೆಗಳಿವೆ. ಅವನು ಕುಡಿದದ್ದನ್ನು ಕಣ್ಣಾರೆ ಕಂಡವರು ಯಾರು? ವಾಸನೆ ಬಂತು ಎಂದು ಹೇಳಿದವರಾದರೂ ಯಾರು? ಕುಡಿದವನು ಹನ್ನೊಂದು ಅಡಿ ಸರಿಯಾಗಿ ಹತ್ತಿ, ಮೇಲೆ ಗಟ್ಟಿಯಾಗಿ ನಿಂತು, ಬಲ್ಬಿನ ಹೋಲ್ಡರಿನ ಕಡೆ ಕೈ ಚಾಚಿದ ಮೇಲೆ ಯಾಕೆ ಬೀಳುತ್ತಾನೆ? ಬಿದ್ದದ್ದು ಅವನೋ, ಅವನ ಕೆಳಗಿನ ಏಣಿಯೋ? ಇವನ್ನು ಆಗಲೇ ಕೇಳಬೇಕಾಗಿದ್ದವನು ನಾನು. ನಾನು ಆ ಏಣಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಈ ಕೆಲಸಕ್ಕೆ ಸೇರಿದೆ. ಮನೆ ಶ್ರೀನಗರದಲ್ಲಿ, ಓದಿದ್ದು ಬಿ.ಎಸ್ಸಿ. ಕಾಲೇಜಿನಲ್ಲಿ ಗಳಿಸಿದ್ದು ಮಾರ್ಕ್ಸ್ ಅಲ್ಲ, ಚರ್ಚಾಸ್ಪರ್ಧೆಯ ಬಹುಮಾನಗಳು. ಪರವಾಗಿ ಮಾತಾಡು ಎಂದರೆ ಪರವಾಗಿ, ವಿರೋಧವಾಗಿ ಎಂದರೆ ವಿರೋಧವಾಗಿ, ಎರಡರಲ್ಲೂ ಗೆಲ್ಲುತ್ತಿದ್ದೆ. ಕಂಪನಿ ಸಣ್ಣದು. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಮನೆ, ಬ್ಯಾಂಕು, ಕಲ್ಯಾಣ ಮಂಟಪಗಳ ವೈರಿಂಗ್ ಮತ್ತು ದೀಪದ ಕೆಲಸ ನಮ್ಮದು. ನಾನು ಸೂಪರ್‌ವೈಸರ್. ಹುಡುಗರೆಲ್ಲ ನನಗೆ ಇಟ್ಟ ಹೆಸರು ಲಾಯರ್ ಸಾರ್.

ಸೇರಿದ ಮೊದಲ ತಿಂಗಳಲ್ಲೇ ಬನಶಂಕರಿಯ ಒಂದು ಹೊಸ ಮನೆಯಲ್ಲಿ ಸುಣ್ಣ ಹೊಡೆಯುತ್ತಿದ್ದವನು ಬಿದ್ದದ್ದನ್ನು ಕಂಡೆ. ನಮ್ಮವನಲ್ಲ, ಪಕ್ಕದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವನು. ಎಷ್ಟು ಎತ್ತರದಿಂದ ಎಂದುಕೊಂಡಿರಿ? ಐದನೇ ಮೆಟ್ಟಿಲಿನಿಂದ. ಅವನ ಪಾದ ನನ್ನ ಎದೆಯ ಮಟ್ಟದಲ್ಲಿತ್ತು. ಬಿದ್ದವನು ಎದ್ದು ಕೂತ, ನೀರು ಕೇಳಿದ, ಕುಡಿದ, ಹಾಗೇ ಒರಗಿದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಜೀವವಿರಲಿಲ್ಲ. ನಾನು ಆ ಮೆಟ್ಟಿಲುಗಳನ್ನು ಎರಡು ಸಲ ಎಣಿಸಿದೆ. ಎರಡು ಸಲವೂ ಐದೇ ಬಂತು. ಸಾವಿಗೆ ಎತ್ತರ ಬೇಕು ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ನೀವೂ ನಂಬಿರುತ್ತೀರಿ. ಈ ಕೆಲಸದಲ್ಲಿ ನಾನು ಕಂಡವರಲ್ಲಿ ಮೂರನೇ ಮಹಡಿಯಿಂದ ಬಿದ್ದವರಿಗಿಂತ "ನಾಕ್ ಮೆಟ್ಲು ತಾನೇ" ಎಂದು ಹತ್ತಿದವರೇ ಹೆಚ್ಚು.

ನನಗೆ ಏಣಿ ನಿಲ್ಲಿಸುವುದನ್ನು ಕಲಿಸಿದವರು ಮೇಸ್ತ್ರಿ ಮುನಿಯಪ್ಪ. ಇಟ್ಟಮಡುವಿನವರು, ಆಗಲೇ ಐವತ್ತು ದಾಟಿದ್ದರು, ಸಹಿ ಮಾಡುವಷ್ಟು ಅಕ್ಷರ ಬಲ್ಲವರು. ನಾನು ಒಂದು ದಿನ ಕಾಗದದ ಮೇಲೆ ತ್ರಿಕೋನ ಬರೆದು, ಇಷ್ಟು ಎತ್ತರದ ಗೋಡೆಗೆ ಏಣಿಯ ಬುಡ ಇಷ್ಟು ದೂರ ಇರಬೇಕು ಎಂದು ಲೆಕ್ಕ ತೋರಿಸಿದೆ. ಅವರು ಕಾಗದ ನೋಡಲಿಲ್ಲ. ಏಣಿಯ ಬುಡಕ್ಕೆ ಹೆಬ್ಬೆರಳು ತಾಗುವಂತೆ ನೆಟ್ಟಗೆ ನಿಂತು, ಎರಡೂ ಕೈ ಮುಂದಕ್ಕೆ ನೀಡಿದರು. ಅಂಗೈ ಹೆಗಲ ಮಟ್ಟದ ಮೆಟ್ಟಿಲಿಗೆ ತಾಗಿತು.

"ಕೈ ತಾಗಿದ್ರೆ ಸರಿ. ಮಡಿಸ್ಬೇಕಾಗಿ ಬಂದ್ರೆ ಏಣಿ ತೀರಾ ನೆಟ್ಟಗಿದೆ, ಹಿಂದಕ್ಕೆ ಬೀಳ್ತದೆ. ಎಟುಕದೇ ಇದ್ರೆ ತೀರಾ ಮಲಗಿದೆ, ಬುಡ ಜಾರ್ತದೆ. ನಿಮ್ ಲೆಕ್ಕ ಏನ್ ಹೇಳ್ತದೆ ಸಾರ್?"

ಅಳೆದು ನೋಡಿದೆ. ನನ್ನ ಲೆಕ್ಕಕ್ಕೂ ಅವರ ಕೈಗೂ ಮೂರು ಬೆರಳು ವ್ಯತ್ಯಾಸ. ತಪ್ಪಿದ್ದದ್ದು ನನ್ನ ಲೆಕ್ಕ. ಗೋಡೆಯ ಬುಡದ ಕಟ್ಟೆಯನ್ನು ಬಿಟ್ಟುಬಿಟ್ಟಿದ್ದೆ. ಚರ್ಚೆಯಲ್ಲಿ ಸೋತದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. "ಒಬ್ಬೊಬ್ಬರ ಕೈ ಒಂದೊಂದು ಉದ್ದ ಇರುತ್ತಲ್ಲ ಮುನಿಯಪ್ಪನವರೇ" ಎಂದೆ.

"ಕೈ ಉದ್ದ ಇರೋರು ಆಳೂ ಉದ್ದ ಇರ್ತಾರೆ ಸಾರ್" ಎಂದು ಬೀಡಿ ಹಚ್ಚಿದರು.

ಇನ್ನು ವೆಂಕಟೇಶ. ನನಗಿಂತ ಏಳೆಂಟು ವರ್ಷ ದೊಡ್ಡವನು, ಸುದ್ದಗುಂಟೆಪಾಳ್ಯದವನು. ತೆಳ್ಳಗೆ, ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಅವನಿಗೊಂದು ಪದ್ಧತಿಯಿತ್ತು. ಹತ್ತುವ ಮುಂಚೆ ಬಗ್ಗಿ ಏಣಿಯ ಎರಡೂ ಕಾಲು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ ಹತ್ತಿದರೆ ಇಪ್ಪತ್ತು ಸಲವೂ. ಇದನ್ನು ನೆನಪಿಟ್ಟುಕೊಳ್ಳಿ.

ಅವನಿಗೂ ನನಗೂ ವಾದ ನಡೆದದ್ದು ಒಂದೇ ಸಲ. ಜೆ.ಪಿ. ನಗರದ ಒಂದು ಮನೆಯಲ್ಲಿ ಏಣಿಯ ಏಳನೇ ಮೆಟ್ಟಿಲು ಕಿರ್ ಎನ್ನುತ್ತಿತ್ತು. ವೆಂಕಟೇಶ ಅರ್ಧ ಹತ್ತಿದವನು ಇಳಿದು ಬಂದ.

"ಬೇರೆ ಏಣಿ ತರಿಸಿ ಸಾರ್. ಇದು ಶಬ್ದ ಮಾಡ್ತಿದೆ."

ಬೇರೆ ಏಣಿ ತರಬೇಕೆಂದರೆ ಅರ್ಧ ದಿನ ಹಾಳು. ನಾನು ಎಲ್ಲರ ಮುಂದೆ ಕೇಳಿದೆ, "ಶಬ್ದ ಮಾಡೋದೆಲ್ಲ ಮುರಿಯುತ್ತೆ ಅಂತ ನಿನ್ನ ವಾದವಾ?"

"ವಾದ ಅಲ್ಲ ಸಾರ್. ಕಾಲಿಗೆ ಗೊತ್ತಾಗುತ್ತೆ."

"ಹಂಗಾದ್ರೆ ಮುನಿಯಪ್ಪನವರ ಮಂಡಿ ಯಾವತ್ತೋ ಮುರೀಬೇಕಿತ್ತು. ಕೂತ್ರೂ ಕಿರ್, ಎದ್ರೂ ಕಿರ್."

ಎಲ್ಲರೂ ನಕ್ಕರು, ಮುನಿಯಪ್ಪನವರೂ ನಕ್ಕರು. ವೆಂಕಟೇಶ ಮಾತ್ರ ಸುಮ್ಮನೆ ಬಗ್ಗಿ ಏಣಿಯ ಕಾಲು ಮುಟ್ಟಿ ಹತ್ತಿದ. ಅವತ್ತು ಏನೂ ಆಗಲಿಲ್ಲ. ನಾನು ಗೆದ್ದೆ. ಒಂಬತ್ತು ದಿನದ ಮೇಲೆ ಆ ಮೆಟ್ಟಿಲು ನನ್ನ ಕಾಲ ಕೆಳಗೇ ಲಟಕ್ಕೆಂದು ಮುರಿಯಿತು. ಕೈ ಹಿಡಿತ ಗಟ್ಟಿಯಿದ್ದುದರಿಂದ ಮೊಣಕಾಲು ತರಚಿಕೊಂಡು ಉಳಿದೆ. ಗಾಯಕ್ಕೆ ಟಿಂಚರ್ ತಂದುಕೊಟ್ಟವನು ವೆಂಕಟೇಶನೇ. "ನಾನ್ ಹೇಳಿರ್ಲಿಲ್ವಾ" ಎಂದು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆಮೇಲೆ ಅವನು ಯಾವ ಏಣಿಯ ಬಗ್ಗೆಯೂ ನನಗೆ ಏನಾದರೂ ಹೇಳಿದ್ದು ನೆನಪಿಲ್ಲ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಮ್ಮ ಕಡೆ ಮೊಸಾಯಿಕ್ ನೆಲ ಎಲ್ಲೆಲ್ಲೂ ಬಂತು. ಮಿಶನ್ ಹಾಕಿ ಉಜ್ಜಿದ ನೆಲದಲ್ಲಿ ಮುಖ ಕಾಣುತ್ತಿತ್ತು. ನಮ್ಮ ಮರದ ಏಣಿಗಳು ಮಣ್ಣಿನ ನೆಲದಲ್ಲಿ, ಗಾರೆ ನೆಲದಲ್ಲಿ ಕಚ್ಚಿಕೊಂಡು ನಿಲ್ಲುತ್ತಿದ್ದವು; ಮೊಸಾಯಿಕ್ ಮೇಲೆ ಜಾರತೊಡಗಿದವು. ಒಂದು ಬ್ಯಾಂಕಿನಲ್ಲಿ ಏಣಿ ತಾನಾಗಿಯೇ ಒಂದು ಗೇಣು ಹಿಂದೆ ಸರಿದು ನಿಂತದ್ದನ್ನು ಕಂಡೆ. ಮೇಲೆ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ. ಅವತ್ತೇ ಹಳೇ ಟಯರ್ ತುಂಡು ತೆಗೆದುಕೊಂಡು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರ ಹತ್ತಿರ ಹೋದೆ. ಏಣಿಯ ಕಾಲಿಗೆ ತೊಡಿಸುವಂತೆ ಅದನ್ನು ಕತ್ತರಿಸಿ, ಹಿಂದೆ ಪಟ್ಟಿ, ಪಕ್ಕದಲ್ಲಿ ಬಕಲ್ ಹಾಕಿಸಿದೆ. ಮಣ್ಣಿನ ನೆಲದಲ್ಲಿ ರಬ್ಬರ್ ಬೇಡ, ಬರೀ ಮರವೇ ವಾಸಿ. ಹಾಗಾಗಿ ಬೇಕೆಂದಾಗ ಬಿಚ್ಚುವಂತಿರಲಿ ಎಂಬುದು ನನ್ನ ಬುದ್ಧಿವಂತಿಕೆ.

ಹುಡುಗರು ಅದನ್ನು ಮುಟ್ಟಲಿಲ್ಲ. ಯಾರು ಕಟ್ಟುತ್ತಾರೆ, ಯಾರು ಬಿಚ್ಚುತ್ತಾರೆ ಎಂದು ಗೊಣಗಿದರು. ಅವರನ್ನು ಒಪ್ಪಿಸಲು ಒಂದು ಮಾತು ಎಸೆದೆ. "ಬಿಸಿಲಲ್ಲಿ ನಿಮಗೆ ಚಪ್ಪಲಿ ಬೇಕು. ದಿನಾ ನಿಮ್ಮನ್ನ ಹೊರೋ ಏಣಿಗೆ ಬೇಡ್ವಾ?" ನಗು ಬಂತು, ಮಾತು ಅಂಟಿಕೊಂಡಿತು. ಅವತ್ತಿನಿಂದ ಅದು ಏಣಿಯ ಚಪ್ಪಲಿ. "ಏಣಿಗೆ ಚಪ್ಪಲಿ ಹಾಕಿದ್ಯೇನೋ?" "ಹಾಕಿದೀನಿ ಮೇಸ್ತ್ರಿ, ಹೊಸಾ ಜೋಡಿ. ನನ್ ಕಾಲಿಗೇ ಇಲ್ಲ." ಹೀಗೆ ನಡೆಯುತ್ತಿತ್ತು. ಏಣಿ ಜಾರುವುದು ನಿಂತಿತು. ಅದರ ಜೊತೆಗೇ ಇನ್ನೊಂದು ನಿಂತಿತು. ಅಲ್ಲಿಯವರೆಗೆ ಒಬ್ಬ ಹತ್ತಿದರೆ ಇನ್ನೊಬ್ಬ ಬುಡ ಹಿಡಿದು ನಿಲ್ಲುತ್ತಿದ್ದ. "ಚಪ್ಪಲಿ ಇದೆಯಲ್ಲ, ಎರಡನೇ ಆಳು ಯಾಕೆ?" ಎಂದು ನಾನು ವಾದಿಸಿದೆ. ಅದರಲ್ಲೂ ಗೆದ್ದೆ.

ಈಗ ಆ ಹಬ್ಬಕ್ಕೆ ಬರುತ್ತೇನೆ.

ಆಯುಧಪೂಜೆಯ ದಿನ ಸ್ಟೋರ್ ತೊಳೆದು, ಕಟಿಂಗ್ ಪ್ಲೇಯರ್‌ನಿಂದ ಹಿಡಿದು ಡ್ರಿಲ್ಲಿಂಗ್ ಮಿಶನ್‌ವರೆಗೆ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ನಡುವೆ ಏಣಿಗಳು, ವಿಭೂತಿ ಪಟ್ಟೆ, ಕುಂಕುಮ, ಚೆಂಡುಹೂವು. ನಾನು ದೇವರನ್ನು ನಂಬದವನು. ಕಡಲೆಪುರಿಗೂ ಮುನಿಯಪ್ಪನವರ ಮರ್ಯಾದೆಗೂ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೋಡಿದೆ. ನಮ್ಮೆಲ್ಲರ ಚಪ್ಪಲಿಗಳ ಸಾಲಿನ ಕೊನೆಯಲ್ಲಿ, ಒಂದಕ್ಕೊಂದು ಒತ್ತಾಗಿ, ಏಣಿಯ ಚಪ್ಪಲಿಗಳೂ ಕೂತಿದ್ದವು.

"ಇದೇನ್ ಮುನಿಯಪ್ಪನವರೇ?"

"ಚಪ್ಪಲಿ ಹಾಕ್ಕೊಂಡು ಯಾರಾದ್ರೂ ಪೂಜೆಗೆ ನಿಲ್ತಾರಾ ಸಾರ್?"

ನಾನು ನಕ್ಕೆ. ಮನೆಗೆ ಹೋಗಿ ಅಮ್ಮನಿಗೂ ಹೇಳಿ ನಗಿಸಿದೆ. ಎಲ್ಲದಕ್ಕೂ ಪ್ರಶ್ನೆ ಹಾಕುತ್ತಿದ್ದವನು ನಾನು. ಮತ್ತೆ ಯಾವಾಗ ಕಟ್ಟುತ್ತೀರಿ ಎಂಬ ಒಂದು ಪ್ರಶ್ನೆ ಮಾತ್ರ ಬಾಯಿಗೆ ಬರಲಿಲ್ಲ.

ಮಾರನೇ ದಿನ ವಿಜಯದಶಮಿ. ಪೂಜೆಗಿಟ್ಟ ಆಯುಧವನ್ನು ಅವತ್ತು ಶಾಸ್ತ್ರಕ್ಕಾದರೂ ಒಮ್ಮೆ ಕೆಲಸಕ್ಕೆ ಹಚ್ಚಬೇಕು ಎಂಬುದು ನಮ್ಮಲ್ಲಿದ್ದ ರೂಢಿ. ಪ್ರತಿ ವರ್ಷ ಜಯನಗರದ ಒಂದು ಕಲ್ಯಾಣ ಮಂಟಪಕ್ಕೆ ಹೋಗಿ ಒಂದೇ ಒಂದು ಬಲ್ಬು ಹಾಕಿ ಬರುತ್ತಿದ್ದೆವು. ಒಂದು ಬಲ್ಬಿನ ಕೆಲಸವನ್ನು ಯಾರು ಕೆಲಸ ಎನ್ನುತ್ತಾರೆ? ಹೂವನ್ನು ಸಹ ತೆಗೆಯದೆ ಏಣಿ ತಂದರು. ಹಾಲಿನ ನೆಲ ಹಬ್ಬಕ್ಕೆಂದು ಉಜ್ಜಿ ಹೊಳೆಯುತ್ತಿತ್ತು. ಮುನಿಯಪ್ಪನವರು ಕರ್ಪೂರಕ್ಕೆ ಬೆಂಕಿಪೊಟ್ಟಣ ಹುಡುಕುತ್ತಿದ್ದರು. ನನಗೆ ಹನ್ನೊಂದು ಗಂಟೆಗೆ ಇನ್ನೊಂದು ಕಡೆ ಹೋಗಬೇಕಿತ್ತು.

"ಬೇಗ ವೆಂಕಟೇಶ. ಶಾಸ್ತ್ರ ಮುಗಿಸು" ಎಂದೆ.

ಅವನು ಬಗ್ಗಿದ. ಎರಡೂ ಕಾಲು ಮುಟ್ಟಿದ. ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ಒಂದು ಗಳಿಗೆ ಹಾಗೇ ನಿಂತ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ ಆಣೆ ಮಾಡಿ ಹೇಳಲಾರೆ. ಆಮೇಲೆ ಹತ್ತಿದ.

ದೊಡ್ಡ ಸದ್ದಾಗುತ್ತದೆ ಎಂದು ನೀವು ಭಾವಿಸಿರುತ್ತೀರಿ. ಇಲ್ಲ. ಒದ್ದೆ ನೆಲದ ಮೇಲೆ ಮಣೆ ಎಳೆದಂತೆ ಸುಯ್ಯೆಂಬ ಶಬ್ದ, ಅಷ್ಟೇ. ಏಣಿಯ ಬುಡ ನನ್ನ ಕಡೆಗೆ ಓಡಿಬಂತು, ತುದಿ ಗೋಡೆಯುದ್ದಕ್ಕೂ ಇಳಿಯಿತು, ಅದರ ಮೇಲೆ ನಿಂತ ಹಾಗೇ ವೆಂಕಟೇಶನೂ ಇಳಿದ. ಕೂಗಲಿಲ್ಲ. ಕೂಗುವಷ್ಟು ಹೊತ್ತೇ ಇರಲಿಲ್ಲ. ನಾನು ಕೈ ಚಾಚಲೂ ಇಲ್ಲ. ಅವನು ಏಣಿಯ ಮೇಲೆ ಬೋರಲು ಬಿದ್ದಿದ್ದ, ಬಲಗೈ ಮಾತ್ರ ಮೇಲಕ್ಕೆತ್ತಿಕೊಂಡಿದ್ದ. ಆ ಕೈಯಲ್ಲಿ ಬಲ್ಬಿತ್ತು, ಒಡೆದಿರಲಿಲ್ಲ.

"ಬಲ್ಬ್ ತಗೊಳ್ಳಿ ಸಾರ್" ಎಂದ.

ನಾನು ತೆಗೆದುಕೊಂಡೆ. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವನನ್ನು ಸ್ಟ್ರೆಚರ್ ಮೇಲೆ ಒಳಗೆ ಕರೆದೊಯ್ದ ಮೇಲೂ ನನ್ನ ಕೈಯಲ್ಲೇ ಇತ್ತು. ಅವನ ಹೆಂಡತಿ ಲಕ್ಷ್ಮಮ್ಮ ಓಡಿ ಬಂದವರು ಮೊದಲು ನೋಡಿದ್ದು ಅದನ್ನೇ. "ಒಂಬತ್ತು ದಿನದಿಂದ ಒಪ್ಪತ್ತು ಊಟ ಮಾಡ್ಕೊಂಡಿದಾರೆ ಸಾರ್, ನವರಾತ್ರಿ ವ್ರತ. ಹೊರಗಡೆ ಕಾಫೀನೂ ಮುಟ್ಟಿಲ್ಲ. ತಲೆ ಸುತ್ತು ಬಂದಿತ್ತಾ?" ಎಂದು ಕೇಳಿದರು. ಕುಡಿದ ಎಂಬ ಕತೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ? ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು.

ಸಾಯಂಕಾಲ ಸ್ಟೋರಿಗೆ ಬಂದಾಗ ಮ್ಯಾನೇಜರ್ ರಾಮಮೂರ್ತಿಯವರು ಮುನಿಯಪ್ಪನವರ ಜೊತೆ ನಿಂತಿದ್ದರು. ಮುನಿಯಪ್ಪನವರು ಅವರಿಗೆ ಹೇಳುತ್ತಿದ್ದರು.

"ಬಿಚ್ಚಿದ್ದು ನಾನು ಸಾರ್. ಪೂಜೆಗೆ ಅಂತ ಬಿಚ್ಚಿದೆ, ಕಟ್ಟೋದ್ ಮರೆತೆ. ಹಂಗೇ ಬರ್ಕೊಳ್ಳಿ."

"ನಿಮಗೆ ರಿಟೈರ್ ಆಗೋಕೆ ಎಷ್ಟು ವರ್ಷ ಇದೆ?"

"ಮೂರು."

"ಹಂಗಾದ್ರೆ ಬಾಯಿ ಮುಚ್ಕೊಂಡು ಮನೆಗೆ ಹೋಗಿ. ನಾಳೆ ಲೇಬರ್ ಆಫೀಸಿಂದ ವಿಚಾರಣೆಗೆ ಬರ್ತಾರೆ, ಏಣಿ ನೋಡ್ತಾರೆ" ಎಂದು ಮ್ಯಾನೇಜರು ಹೊರಟುಹೋದರು.

ಏಣಿ ಗೋಡೆಗೆ ಒರಗಿತ್ತು, ಕುಂಕುಮ ಅಳಿಸಿರಲಿಲ್ಲ. ಚಪ್ಪಲಿಗಳು ಬಾಗಿಲ ಬಳಿ ನಿನ್ನೆಯ ಜಾಗದಲ್ಲೇ ಇದ್ದವು. ನಾನು ಅವನ್ನು ಎತ್ತಿ ತಂದೆ. ಮಂಡಿಯೂರಿ ಏಣಿಯ ಎರಡೂ ಕಾಲಿಗೆ ತೊಡಿಸಿ ಬಕಲ್ ಬಿಗಿದೆ. ಇನ್ನೊಬ್ಬ ಬೀಳದಿರಲಿ ಎಂದು ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ವಾದದ ಪರವಾಗಿ ಹತ್ತು ನಿಮಿಷ ಮಾತಾಡಬಲ್ಲೆ, ಬಹುಮಾನವೂ ಬರಬಹುದು. ಮುನಿಯಪ್ಪನವರು ನೋಡುತ್ತಿದ್ದರು.

"ಕಟ್ಟಿ ಸಾರ್. ಒಂದಿನ ತಡ ಆಯ್ತು ಅಷ್ಟೇ" ಎಂದರು.

ಮರುದಿನ ಬಂದ ಅಧಿಕಾರಿ ಏಣಿಯನ್ನು ಅಲ್ಲಾಡಿಸಿದರು, ಬಗ್ಗಿ ನೋಡಿದರು. "ರಬ್ಬರ್ ಹಾಕಿದೀರಲ್ರೀ. ಒಳ್ಳೇದು. ಮತ್ತೆ ಹೇಗೆ ಬಿದ್ದ?" ಎಂದು ಕೇಳಿದರು.

ರಾಮಮೂರ್ತಿಯವರು ಕುಡಿದ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು, "ಹಬ್ಬ ಅಲ್ವಾ ಸಾರ್" ಎಂದರು. ಇಷ್ಟು ವರ್ಷ ಹೊಸಬರು ಕೇಳುತ್ತಾ ಬಂದ ಕತೆಗೆ ಇದ್ದ ಪೂರ್ತಿ ಸಾಕ್ಷ್ಯ ಆ ಒಂದು ಹೆಬ್ಬೆರಳು.

ನನ್ನ ಹೇಳಿಕೆ ಬೇಕಾಯಿತು. ಬರೆದುಕೊಟ್ಟೆ: "ಏಣಿ ಸುಸ್ಥಿತಿಯಲ್ಲಿದೆ." ಗಮನಿಸಿ, ಸುಸ್ಥಿತಿಯಲ್ಲಿ ಇತ್ತು ಎಂದು ಬರೆಯಲಿಲ್ಲ. ಇದೆ ಎಂದು ಬರೆದೆ. ಆ ದಿನ, ಆ ಗಳಿಗೆಯಲ್ಲಿ ಅದು ನಿಜ. ಸುಳ್ಳು ಹೇಳಲಿಲ್ಲ ಎಂದು ಆ ಒಂದು ಪದದ ಮೇಲೆ ನಾನು ಎಷ್ಟೋ ವರ್ಷ ನಿದ್ದೆ ಮಾಡಿದೆ.

ಪದ್ಧತಿಗಳನ್ನು ಬದಲಾಯಿಸಿದೆ ನಿಜ. ಮಾರನೇ ವಾರವೇ ಬಕಲ್ ತೆಗೆಸಿ ರಬ್ಬರನ್ನು ಬೋಲ್ಟ್ ಹಾಕಿ ಕೂರಿಸಿದೆ; ಮಣ್ಣಿನ ನೆಲಕ್ಕೆ ಬೇರೆ ಏಣಿ. ಬುಡ ಹಿಡಿಯುವ ಆಳನ್ನು ಮತ್ತೆ ತಂದೆ. ವಿಜಯದಶಮಿಯ ಶಾಸ್ತ್ರಕ್ಕೆ ನೆಲದ ಮೇಲೆ ನಿಂತು ಒಂದು ಸ್ಕ್ರೂ ಬಿಗಿದರೆ ಸಾಕು ಎಂದು ಮಾಡಿದೆ. ರಬ್ಬರಿಗೆ ಚಪ್ಪಲಿ ಎನ್ನುವುದನ್ನು ನಿಲ್ಲಿಸಿ ಏಣಿಯ ಪಾದ ಎಂದು ಕರೆಯತೊಡಗಿದೆವು. ದೇವರ ಮುಂದೆ ಚಪ್ಪಲಿ ಬಿಚ್ಚುತ್ತಾರೆ, ಪಾದ ಯಾರೂ ಬಿಚ್ಚುವುದಿಲ್ಲ. ಹೆಸರಿಡುವಾಗ ಇಷ್ಟು ಯೋಚನೆ ಮಾಡಿ. ಆಮೇಲೆ ಅಲ್ಯೂಮಿನಿಯಂ ಏಣಿಗಳು ಬಂದವು, ಸೊಂಟಕ್ಕೆ ಬೆಲ್ಟ್ ಬಂತು. ಬೆಲ್ಟ್ ಕಟ್ಟಿಕೊಂಡು ಅದರ ಕೊಕ್ಕೆಯನ್ನು ಯಾವುದಕ್ಕೂ ಸಿಕ್ಕಿಸದೆ ಕೆಲಸ ಮಾಡುವವರನ್ನೂ ನೋಡಿದೆ. ಇದಕ್ಕೆಲ್ಲ ನನಗೆ ಹೊಗಳಿಕೆ ಸಿಕ್ಕಿತು. ಕತೆ ಮಾತ್ರ ಹಾಗೇ ಉಳಿಯಿತು.

ವೆಂಕಟೇಶ ಮತ್ತೆ ಏಣಿ ಹತ್ತಲಿಲ್ಲ. ಸುದ್ದಗುಂಟೆಪಾಳ್ಯದ ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಆ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ನನಗೆ ಹೇಳಿಕಳಿಸಿದ. ಹೋದೆ. ಮಗಳಿಗೆ ನೋಡಿದ್ದ ಗಂಡಿನ ಕಡೆಯವರಿಗೆ ಯಾರೋ ಕಿವಿಗೆ ಹಾಕಿದ್ದರಂತೆ, ಅಪ್ಪ ಕುಡುಕ, ಕುಡಿದೇ ಬಿದ್ದದ್ದು ಎಂದು. ಹುಡುಗನ ಸೋದರಮಾವ ವಿಚಾರಿಸಲು ಬಂದು ಕೂತಿದ್ದರು.

"ಒಂದ್ ಮಾತ್ ಹೇಳ್ಬಿಡಿ ಸಾರ್. ನೀವು ಅಲ್ಲೇ ಇದ್ರಿ" ಎಂದ ವೆಂಕಟೇಶ.

"ಇವರು ಕುಡಿದಿರಲಿಲ್ಲ" ಎಂದೆ.

"ಎಲ್ರೂ ಹಂಗೇ ಹೇಳ್ತಾರೆ ಸಾರ್. ಕುಡಿದಿರ್ಲಿಲ್ಲ ಅಂದ್ರೆ ಮತ್ತೆ ಬಿದ್ದಿದ್ ಹೆಂಗೆ?"

ಅಧಿಕಾರಿ ಕೇಳಿದ್ದ ಪ್ರಶ್ನೆಯೇ. ಈ ಸಲ ನನ್ನ ಹತ್ತಿರ "ಇದೆ" ಇರಲಿಲ್ಲ. ಬಾಗಿಲ ಬಳಿ ಚಪ್ಪಲಿಗಳನ್ನು ಕಂಡು ನಕ್ಕದ್ದು, ಬೇಗ ಮುಗಿಸು ಎಂದದ್ದು, ಸಾಯಂಕಾಲ ಮಂಡಿಯೂರಿ ಬಕಲ್ ಬಿಗಿದದ್ದು, ಬರೆದುಕೊಟ್ಟದ್ದು, ಎಲ್ಲವನ್ನೂ ಹೇಳಿದೆ. ಲಕ್ಷ್ಮಮ್ಮ ಒಳಬಾಗಿಲಿನಲ್ಲಿ ಕಾಫಿ ಲೋಟ ಹಿಡಿದು ನಿಂತವರು ಮುಂದೆ ಬರಲಿಲ್ಲ. ಹುಡುಗನ ಸೋದರಮಾವ ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ? ಸರಿ. ಮನೇಲಿ ನಾನ್ ಹೇಳ್ತೀನಿ" ಎಂದು ಎದ್ದು ಹೋದರು. ಸಂಬಂಧ ಕೂಡಿತು.

ಅವರು ಹೋದ ಮೇಲೆ ನಾನೂ ವೆಂಕಟೇಶನೂ ಉಳಿದೆವು. ಅವನು ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಬಿಚ್ಚಿಟ್ಟಿದ್ದ ಇಸ್ತ್ರಿಪೆಟ್ಟಿಗೆಯನ್ನು ಎಳೆದುಕೊಂಡು, ಕೆಲಸ ಶುರು ಮಾಡುವ ಮುಂಚೆ ಅದನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ಬಿದ್ದ ದಿನದಿಂದ ಅಲ್ಲಿಯವರೆಗೆ ನನಗೆ ಹೊಳೆಯದೇ ಇದ್ದದ್ದು ಆಗ ಹೊಳೆಯಿತು. ಕೇಳಿದೆ. ಅವನು ತಲೆ ಎತ್ತಲಿಲ್ಲ, ಸ್ಕ್ರೂ ತಿರುಗಿಸುತ್ತಲೇ ಇದ್ದ. ಈಗ ಅವನೂ ಇಲ್ಲ, ಮುನಿಯಪ್ಪನವರೂ ಇಲ್ಲ. ಆದರೂ ಅವತ್ತು ನಾನು ಹಾಕಿದ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಇಲ್ಲಿ ಬರೆದಿಡುತ್ತೇನೆ.

"ವೆಂಕಟೇಶ, ಆವತ್ತೂ ನೀನು ಹತ್ತೋ ಮುಂಚೆ ಏಣಿ ಕಾಲು ಮುಟ್ಟಿದ್ದೆ. ಕೈಗೆ ರಬ್ಬರ್ ಸಿಕ್ಕಿರಲ್ಲ, ಬರೀ ಮರ ಸಿಕ್ಕಿರುತ್ತೆ. ನಿನಗೆ ಗೊತ್ತಾಗಿತ್ತು ಅಲ್ವಾ? ಗೊತ್ತಾಗಿದ್ರೆ ನನಗ್ಯಾಕೆ ಹೇಳ್ಲಿಲ್ಲ?"